ಅಮೆರಿಕದಲ್ಲಿ ಟೀಚಿಂಗ್ ಅಸಿಸ್ಟೆಂಟ್ (ಟಿಎ) ಆಗಿದ್ದೇನೆ, ಮುಂದಿನ ವಾರ ಯೂನಿಯನ್ ಸ್ಟ್ರೈಕ್. ಎಫ್-1 ವಿದ್ಯಾರ್ಥಿ ವೀಸಾದಲ್ಲಿರುವ ನಾವು ಇವರ ಕರಿ-ಬಿಳಿ ರಾಜಕೀಯದಿಂದ ದೂರ ಇರೋದೇ ಒಳ್ಳೇದಲ್ವಾ?

ನಾನೂ ದೂರ ಇದ್ದೆ. ದೂರ ಇದ್ದೇನೆ ಅಂದುಕೊಂಡಿದ್ದೆ, ಅಷ್ಟೇ.

ಹತ್ತು-ಹನ್ನೆರಡು ವರ್ಷದ ಹಿಂದಿನ ಮಾತು. ಮಿಡ್‌ವೆಸ್ಟ್‌ನ ಒಂದು ಯೂನಿವರ್ಸಿಟಿ, ಹೆಸರು ಬೇಡ. ಪಿಎಚ್‌ಡಿ ಎರಡನೇ ವರ್ಷ, ಸ್ಟ್ಯಾಟಿಸ್ಟಿಕ್ಸ್ ಟಿಎ. ಕಿಟಕಿ ಇಲ್ಲದ ಒಂದು ರೂಮಿನಲ್ಲಿ ನಾಲ್ಕು ಜನ ಕೂರುತ್ತಿದ್ದೆವು. ನನ್ನ ಪಕ್ಕದ ಟೇಬಲ್ಲು ಡೆಟ್ರಾಯ್ಟ್ ಕಡೆಯ ಒಬ್ಬ ಕಪ್ಪು ಹುಡುಗಿಯದು, ಅವಳಪ್ಪ ಕಾರ್ ಫ್ಯಾಕ್ಟರಿಯಲ್ಲಿ ದುಡಿದವರು. ನಾನು ಬಂದ ಹೊಸದರಲ್ಲಿ ಸೋಷಿಯಲ್ ಸೆಕ್ಯುರಿಟಿ ಆಫೀಸಿಗೆ ತನ್ನ ಕಾರಿನಲ್ಲಿ ಕರೆದುಕೊಂಡು ಹೋಗಿದ್ದಳು. ನನ್ನ ಚಿತ್ರಾನ್ನದ ಡಬ್ಬಿಗೆ ನೇರ ಚಮಚ ಹಾಕುವಷ್ಟು ಸಲಿಗೆ ಇತ್ತು.

ಫೆಬ್ರವರಿಯಲ್ಲಿ ಟಿಎಗಳ ಸ್ಟ್ರೈಕ್ ಶುರುವಾಯಿತು, ಅವಳೂ ಅದರಲ್ಲಿದ್ದಳು. ನಾನು ಯೂನಿಯನ್ ಕಾರ್ಡಿಗೆ ಸಹಿ ಹಾಕಿರಲಿಲ್ಲ. ಹಿಂದಿನ ದಿನ ನಮ್ಮ ಪ್ರೊಫೆಸರ್ ಬಾಗಿಲಲ್ಲೇ ನಿಂತು, ಕೋಟೂ ತೆಗೆಯದೆ, "ಅವಳ ಎರಡು ಸೆಕ್ಷನ್ ಒಂದೇ ಒಂದು ವಾರ ನೋಡಿಕೊಳ್ತೀಯಾ?" ಅಂದರು.

"ಶ್ಯೂರ್" ಅಂದೆ.

ಈ ಒಂದು ಮಾತಿನ ಬಗ್ಗೆ ನಾನು ಎಷ್ಟು ಯೋಚಿಸಿದ್ದೇನೆ ಅಂದರೆ ನನ್ನ ಥೀಸಿಸ್ ಬಗ್ಗೆಯೂ ಅಷ್ಟು ಯೋಚಿಸಿಲ್ಲ. ಅವರು ಹೆದರಿಸಿರಲಿಲ್ಲ. ವೀಸಾ ಮಾತೇ ಎತ್ತಿರಲಿಲ್ಲ. ಬೇಡ ಅಂದಿದ್ದರೆ "ಓಕೆ" ಅಂದು ಹೋಗುತ್ತಿದ್ದರೋ ಏನೋ. ಆದರೆ ಮೇಷ್ಟ್ರು ಕೇಳಿದ್ದಕ್ಕೆ ಇಲ್ಲ ಅನ್ನುವುದು ನನ್ನ ಬಾಯಿಗೆ ಬರುತ್ತಲೇ ಇರಲಿಲ್ಲ. ಒಂದನೇ ಕ್ಲಾಸಿನಿಂದ ಪಿಎಚ್‌ಡಿವರೆಗೆ ಒಂದು ಸಲವೂ ಅಂದಿರಲಿಲ್ಲ. ಸ್ಟ್ರೈಕ್‌ಗೆ ಹೋಗದೇ ಇರುವುದು ಒಂದು, ಹೋದವರ ಕೆಲಸವನ್ನು ನಾವು ಮಾಡಿಕೊಡುವುದು ಇನ್ನೊಂದು. ನಾನು ಎರಡನ್ನೂ ಒಂದೇ ಅಂದುಕೊಂಡೆ, ಅದೇ ತಪ್ಪು. ನನ್ನ ಪಾಡಿಗೆ ನಾನು ನನ್ನ ಕ್ಲಾಸು ತೆಗೆದುಕೊಂಡಿದ್ದರೆ ಅವಳು ಬೈದು ಸುಮ್ಮನಾಗುತ್ತಿದ್ದಳು. ಅವಳ ಕ್ಲಾಸು ನಿಂತಿದ್ದರೆ ಮಾತ್ರ ಆಡಳಿತದವರಿಗೆ ಬಿಸಿ ತಟ್ಟುತ್ತಿತ್ತು. ಅವಳ ಕೈಯಲ್ಲಿ ಇದ್ದದ್ದು ಅದೊಂದೇ. ಅದನ್ನು ನಾನು ಪುಕ್ಕಟೆಯಾಗಿ ಕಿತ್ತುಕೊಂಡು ಪ್ರೊಫೆಸರ್ ಕೈಗೆ ಕೊಟ್ಟೆ.

ಮಂಗಳವಾರ ಬೆಳಗ್ಗೆ ಹಿಮದಲ್ಲಿ ಅವರೆಲ್ಲ ಬಕೆಟ್ ಬಡಿಯುತ್ತ ಸುತ್ತುತ್ತಿದ್ದರು. ತಲೆ ತಗ್ಗಿಸಿ ನಡೆದೆ. ಅವಳ ಕೈಯಲ್ಲಿ ರಟ್ಟಿನ ಬೋರ್ಡು, ಮೇಲೆ ಮಾರ್ಕರ್‌ನಲ್ಲಿ ಬರೆದದ್ದು: ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಫೀ ರದ್ದು ಮಾಡಿ. ಅದು ನಾವು ಹೊರದೇಶದವರು ಮಾತ್ರ ಸೆಮಿಸ್ಟರ್‌ಗೆ 130 ಡಾಲರ್ ಕಟ್ಟುತ್ತಿದ್ದ ಫೀ. ಅವಳು ಅದನ್ನು ಒಂದು ಸೆಂಟೂ ಕಟ್ಟಿದವಳಲ್ಲ.

ಒಳಗೆ ಹೋಗಿ ಅವಳ ಕ್ಲಾಸಿನಲ್ಲಿ ಹನ್ನೊಂದು ಹುಡುಗರಿಗೆ ಸ್ಟ್ಯಾಂಡರ್ಡ್ ಡೀವಿಯೇಷನ್ ಹೇಳಿಕೊಟ್ಟೆ.

ನೀವು ಕೇಳುತ್ತಿರುವ "ಇವರ ರಾಜಕೀಯ" ಅನ್ನುವ ಮಾತನ್ನೇ ನಾನು ಒಪ್ಪಲ್ಲ, ಯಾಕೆ ಅಂದರೆ ಇದರೊಳಗೆ ನಾವು ಆಗಲೇ ಇದ್ದೇವೆ. ಯೂನಿಯನ್ನುಗಳೇನು ಸಾಚಾ ಅಂತ ನಾನು ಹೇಳುತ್ತಿಲ್ಲ. 1907ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮ್‌ನಲ್ಲಿ ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳನ್ನು ಬಿಳಿ ಕೆಲಸಗಾರರ ಗುಂಪು ಹೊಡೆದು ಊರಿನಿಂದಲೇ ಓಡಿಸಿತು. ಇವರು ಕಡಿಮೆ ಕೂಲಿಗೆ ಬರುತ್ತಾರೆ ಅಂತ ಸಿಟ್ಟು. ಕಪ್ಪು ಜನರನ್ನು ಎಷ್ಟೋ ಯೂನಿಯನ್ನುಗಳು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಆಮೇಲೆ 1919ರ ಉಕ್ಕಿನ ಕಾರ್ಖಾನೆಗಳ ಮುಷ್ಕರ ಮುರಿಯಲು ಕಂಪನಿಗಳು ಅದೇ ಕಪ್ಪು ಜನರನ್ನು ಸಾವಿರಗಟ್ಟಲೆ ಕರೆದು ತಂದವು. ಯೂನಿಯನ್ ಕಟ್ಟುವ ಹಕ್ಕು ಕೊಟ್ಟ 1935ರ ಕಾನೂನು ಹೊಲದ ಕೆಲಸದವರನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು, ದಕ್ಷಿಣದಲ್ಲಿ ಆ ಕೆಲಸ ಮಾಡುತ್ತಿದ್ದವರು ಯಾರು ಅಂತ ಬೇರೆ ಹೇಳಬೇಕಾ? ಹೊರಗಿಟ್ಟವರನ್ನೇ ತಂದು ಸ್ಟ್ರೈಕ್ ಮುರಿಯುವುದು ಹಳೇ ಆಟ. ಆ ಮಂಗಳವಾರ ಆ ಆಟದ ಕಾಯಿ ನಾನಾಗಿದ್ದೆ.

ಇದು ನನಗೆ ತಾನಾಗಿ ಹೊಳೆದದ್ದಲ್ಲ. ನಮ್ಮ ಮಹಡಿ ಗುಡಿಸುತ್ತಿದ್ದ ಕಪ್ಪು ಹೆಂಗಸೊಬ್ಬರು ಇದ್ದರು, ನಮ್ಮಮ್ಮನಿಗಿಂತ ದೊಡ್ಡವರು. ಅವರದು ಬೇರೆ ಯೂನಿಯನ್, ಅವರ ಒಪ್ಪಂದದ ಪ್ರಕಾರ ನಮ್ಮವರ ಜೊತೆ ಕೆಲಸ ಬಿಡುವಂತಿರಲಿಲ್ಲ. ಆದರೂ ದಿನಾ ಶಿಫ್ಟಿಗೆ ಮುಂಚೆ ಫ್ಲಾಸ್ಕಿನಲ್ಲಿ ಕಾಫಿ ತಂದು ಹೊರಗಿದ್ದವರಿಗೆ ಕೊಟ್ಟು ಆಮೇಲೆ ಒಳಗೆ ಬರುತ್ತಿದ್ದರು. ಆ ಸಂಜೆ ನನ್ನ ಕಸದ ಬುಟ್ಟಿ ಎತ್ತುತ್ತ, ತಮ್ಮ ಚಿಕ್ಕಪ್ಪ ಮೆಂಫಿಸ್‌ನಲ್ಲಿ ಕಸದ ಲಾರಿಯಲ್ಲಿದ್ದರು ಅಂದರು. 1968ರ ಫೆಬ್ರವರಿ 1ನೇ ತಾರೀಖು ಜೋರು ಮಳೆ, ಇಬ್ಬರು ಕೆಲಸದವರು ನೆನೆಯಬಾರದು ಅಂತ ಲಾರಿಯ ಹಿಂದುಗಡೆ ಒಳಗೆ ಸೇರಿಕೊಂಡಿದ್ದರು, ಕಸ ಒತ್ತುವ ಯಂತ್ರ ತಾನಾಗಿ ಚಾಲೂ ಆಗಿ ಇಬ್ಬರನ್ನೂ ಅರೆದುಹಾಕಿತು. ಹನ್ನೆರಡನೇ ತಾರೀಖಿನಿಂದ 1,300 ಜನ ಕೆಲಸ ನಿಲ್ಲಿಸಿದರು. ಕುತ್ತಿಗೆಗೆ ತೂಗುಹಾಕಿಕೊಂಡ ಬೋರ್ಡಿನಲ್ಲಿ "ನಾನು ಮನುಷ್ಯ" ಅಂತ ಇತ್ತು. ಮಾರ್ಟಿನ್ ಲೂಥರ್ ಕಿಂಗ್ ಅವರು ಮೆಂಫಿಸ್‌ಗೆ ಹೋಗಿದ್ದು ಆ ಸ್ಟ್ರೈಕಿಗಾಗಿಯೇ, ಏಪ್ರಿಲ್ 4ಕ್ಕೆ ಅಲ್ಲೇ ಗುಂಡಿಗೆ ಬಲಿಯಾದರು. ಏಪ್ರಿಲ್ 16ಕ್ಕೆ ನಗರಾಡಳಿತ ಯೂನಿಯನ್ ಒಪ್ಪಿಕೊಂಡಿತು, ಕೂಲಿಯೂ ಏರಿತು.

"ಆಗಲೂ ಲಾರಿ ಓಡಿಸೋಕೆ ಬೇರೆಯವರು ಬಂದಿದ್ರು" ಅಂದರು. ಬೈಯುವ ದನಿ ಇರಲಿಲ್ಲ. ಬುಟ್ಟಿಗೆ ಹೊಸ ಕವರ್ ಹಾಕಿ ಹೋದರು.

ಇದನ್ನು ನಮ್ಮಪ್ಪನಿಗೆ ಇವತ್ತಿನವರೆಗೂ ಹೇಳಿಲ್ಲ. ಅವರು 1980-81ರ ಬೆಂಗಳೂರಿನ ಪಬ್ಲಿಕ್ ಸೆಕ್ಟರ್ ಮುಷ್ಕರದಲ್ಲಿ 77 ದಿನ ಸಂಬಳವಿಲ್ಲದೆ ಕೂತವರು. ಆಗ ಗೇಟಿನೊಳಗೆ ಹೋದ ನಮ್ಮ ಬೀದಿಯವರೊಬ್ಬರ ಮನೆಗೆ ಮದುವೆ ಊಟಕ್ಕೂ ಹೋಗಲಿಲ್ಲ.

ನಮ್ಮ ಸ್ಟ್ರೈಕ್ ಎರಡು ವಾರದ ಮೇಲೆ ನಡೆಯಿತು. ಫೀ ಅರ್ಧಕ್ಕೆ ಇಳಿಯಿತು. ಅವಳು ವಾಪಸ್ ಬಂದ ದಿನ "ನನ್ನ ಹುಡುಗರು ತೊಂದರೆ ಕೊಟ್ಟರಾ?" ಅಂತ ಕೇಳಿದಳು, ಬಹಳ ಮರ್ಯಾದೆಯಿಂದ. ಆಮೇಲೆ ಹೆಡ್‌ಫೋನ್ ಹಾಕಿಕೊಂಡಳು. ಮೂರು ವರ್ಷ ಅದೇ ರೂಮಿನಲ್ಲಿ ಕೂತೆವು, ನನ್ನ ಡಬ್ಬಿಗೆ ಮತ್ತೆ ಚಮಚ ಹಾಕಲಿಲ್ಲ.

ಈಗ ನಿಮ್ಮ ವಿಷಯ. ವೀಸಾ ಭಯ ಸುಳ್ಳಲ್ಲ, 2025ರಲ್ಲಿ ಪ್ರತಿಭಟನೆ ಮಾಡಿದ ವಿದ್ಯಾರ್ಥಿಗಳ ವೀಸಾ ರದ್ದಾದದ್ದು ನಾನೂ ಓದಿದ್ದೇನೆ. ಹಾಗಾಗಿ ವಾಟ್ಸಾಪ್ ಗುಂಪಿನ ಅಣ್ಣಂದಿರನ್ನು ಕೇಳಬೇಡಿ, ಯೂನಿಯನ್‌ನ ವಕೀಲರನ್ನು ಕೇಳಿ. ನಿಮ್ಮದು ಸರ್ಕಾರಿ ಯೂನಿವರ್ಸಿಟಿಯಾದರೆ ಸ್ಟ್ರೈಕ್ ಕಾನೂನುಬದ್ಧವೋ ಅಲ್ಲವೋ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಅದನ್ನೇ ಮೊದಲು ಕೇಳಿ. ಎಫ್-1 ನಿಂತಿರುವುದು ಓದಿನ ಮೇಲೆ, ಕೋರ್ಸಿನ ಕ್ರೆಡಿಟ್ ಕಡಿಮೆ ಆಗದ ಹಾಗೆ ನೋಡಿಕೊಳ್ಳಿ. ಸಂಬಳ ಕಟ್ ಆಗಬಹುದು, ಒಂದು ತಿಂಗಳ ಬಾಡಿಗೆ ಎತ್ತಿಡಿ. ಕಾರ್ ಕೆಲಸಗಾರರ ಯೂನಿಯನ್ ಯುಎಡಬ್ಲ್ಯೂ (ಹೌದು, ಪಿಎಚ್‌ಡಿ ಹುಡುಗರೂ ಅದರಲ್ಲೇ ಇದ್ದಾರೆ) 2023ರಲ್ಲಿ ಸ್ಟ್ರೈಕ್ ಭತ್ಯೆಯನ್ನು ವಾರಕ್ಕೆ 500 ಡಾಲರ್‌ಗೆ ಏರಿಸಿತು, ನಿಮ್ಮದರಲ್ಲಿ ಎಷ್ಟು ಅಂತ ವಿಚಾರಿಸಿ. 2022ರಲ್ಲಿ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಲ್ಲಿ 48,000 ಜನ ಹೊರಗೆ ಬಂದರಲ್ಲ, ಅದರಲ್ಲಿ ವೀಸಾದವರು ಕಡಿಮೆ ಇರಲಿಲ್ಲ.

ಇಷ್ಟಾದರೂ ಭಯ ಹೋಗದಿದ್ದರೆ ಹೊರಗೆ ಸ್ಟ್ರೈಕಿನವರ ಲೈನಿನಲ್ಲಿ ನಿಲ್ಲಬೇಡಿ, ನಾನು ಬೈಯಲ್ಲ. ಆದರೆ ನಿಮ್ಮ ಪ್ರೊಫೆಸರ್ ಬಾಗಿಲಿಗೆ ಬಂದು "ಒಂದೇ ವಾರ" ಅಂದೇ ಅನ್ನುತ್ತಾರೆ. ಆಗ ಏನು ಹೇಳಬೇಕು ಅಂತ ಈಗಲೇ ಒಂದು ಸಾಲು ಬರೆದಿಟ್ಟುಕೊಳ್ಳಿ. "ಕ್ಷಮಿಸಿ ಸರ್, ಅದು ಅವಳ ಕ್ಲಾಸು" ಅಂದರೆ ಸಾಕು. ಕನ್ನಡಿ ಮುಂದೆ ನಿಂತು ನಾಲ್ಕು ಸಲ ಜೋರಾಗಿ ಹೇಳಿ ನೋಡಿ, ಮೊದಲ ಎರಡು ಸಲ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.