ಮೊಮ್ಮಗ ಯಾವ ದೇಶದವನು?

ಪ್ರಶ್ನೆ: ಮೇಡಂ, ನನ್ನ ಮಗ, ಸೊಸೆ ಕೆನಡಾದ ಟೊರಾಂಟೊದಲ್ಲಿ ಕೆಲಸದಲ್ಲಿದ್ದಾರೆ. ಇಬ್ಬರದ್ದೂ ಭಾರತದ ಪಾಸ್‌ಪೋರ್ಟೇ. ಎರಡು ತಿಂಗಳ ಹಿಂದೆ ಅಲ್ಲಿ ಗಂಡು ಮಗು ಆಯಿತು. ಮೊನ್ನೆ ಮಗ ಫೋನಿನಲ್ಲಿ, 'ಇವನಿಗೆ ಕೆನಡಾ ಪಾಸ್‌ಪೋರ್ಟ್ ಮಾಡಿಸ್ತಿದೀವಿ ಅಪ್ಪಾಜಿ' ಎಂದ. ಅವತ್ತಿನಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ನಾಲ್ಕು ತಲೆಮಾರಿನಿಂದ ಈ ಕಾಫಿ ತೋಟ ನೋಡಿಕೊಂಡು ಬಂದಿದ್ದೇವೆ. ಮೊಮ್ಮಗ ಪರದೇಶದವನಾದರೆ ಮುಂದೆ ಇದು ಯಾರಿಗೆ? ಭಾರತದ್ದೇ ಮಾಡಿಸಿ ಎಂದು ಹಟ ಹಿಡಿಯಲಾ? ಎರಡೂ ಇಟ್ಟುಕೊಳ್ಳಲು ಬರುತ್ತದಾ? ನಾಮಕರಣಕ್ಕೆ ಊರಿಗೆ ಬರುತ್ತಾರೆ. ಆಗ ಎರಡು ಎಕರೆ ಅವನ ಹೆಸರಿಗೆ ದಾನಪತ್ರ ಮಾಡಿಬಿಡೋಣ ಎಂದುಕೊಂಡಿದ್ದೇನೆ.
— ಕಾಫಿ ಬೆಳೆಗಾರ, ಹೆತ್ತೂರು, ಸಕಲೇಶಪುರ ತಾಲ್ಲೂಕು

ಉತ್ತರ: ಯಜಮಾನರೇ, ನಿಮ್ಮ ಕಾಗದ ಎರಡು ಸಲ ಓದಿದೆ. ಮೊದಲು ದಾನಪತ್ರದ ಮಾತು, ಅದೇ ಅವಸರದ್ದು. ದಯವಿಟ್ಟು ಅದನ್ನು ಮಾಡಬೇಡಿ. ವಿದೇಶಿ ವಿನಿಮಯ ಕಾನೂನಿನಲ್ಲಿ, ಅಂದರೆ ಫೆಮಾದಲ್ಲಿ, ಹೊರದೇಶದಲ್ಲಿ ವಾಸ ಇರುವವರು ಇಲ್ಲಿ ಹೊಲ, ತೋಟ, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ. ದಾನವಾಗಿ ಪಡೆಯುವಂತೆಯೂ ಇಲ್ಲ. ಇದು ಕೆನಡಾ ಪಾಸ್‌ಪೋರ್ಟ್ ಇರುವ ಮೊಮ್ಮಗನಿಗೆ ಮಾತ್ರ ಎಂದುಕೊಳ್ಳಬೇಡಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಟೊರಾಂಟೊದಲ್ಲಿರುವ ನಿಮ್ಮ ಮಗನಿಗೂ ಇದೇ ನಿಯಮ. ಸೈಟು, ಮನೆ ಆದರೆ ತೊಂದರೆ ಇಲ್ಲ. ಕಾಫಿ ತೋಟಕ್ಕೆ ಆಗುವುದಿಲ್ಲ.

ಆದರೆ ವಾರಸಿನಿಂದ ಬರುವ ಆಸ್ತಿಗೆ ಈ ತಡೆ ಇಲ್ಲ. ನಿಮ್ಮ ನಂತರ ತೋಟ ಮಗನಿಗೆ, ಮೊಮ್ಮಗನಿಗೆ ಹೋಗಬಹುದು. ಮೊಮ್ಮಗನ ಪಾಸ್‌ಪೋರ್ಟ್ ಯಾವ ದೇಶದ್ದೇ ಆಗಿರಲಿ, ಅವನ ಪಾಲು ಅವನಿಗೆ ಬರುತ್ತದೆ. ಹಾಗಾಗಿ ಎರಡು ಎಕರೆಯ ಆಸೆಯನ್ನು ವಿಲ್‌ನಲ್ಲಿ ಬರೆಯಿರಿ. ಪಹಣಿ ತೆಗೆಸಿ, ಸರ್ವೆ ನಂಬರು, ಚಕ್ಕುಬಂದಿ ಸರಿಯಾಗಿ ನಮೂದಿಸಿ. ಇಬ್ಬರು ಸಾಕ್ಷಿಗಳು ಸಹಿ ಹಾಕಲಿ. ವಿಲ್ ನೋಂದಾಯಿಸಲೇಬೇಕು ಅಂತ ಕಾನೂನಿಲ್ಲ, ಆದರೂ ಮಾಡಿಸಿ. ಹಾಸನದಲ್ಲಿ 26 ವರ್ಷ ವಕೀಲಿಕೆ ಮಾಡಿದ್ದೇನೆ. ನೋಂದಣಿ ಆಗದ ವಿಲ್ ಹಿಡಿದುಕೊಂಡು ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಸವೆಸುವುದನ್ನು ಸಾಕಷ್ಟು ನೋಡಿದ್ದೇನೆ. ಒಂದು ವಿಷಯ ಮಾತ್ರ ಮಗನಿಗೂ ತಿಳಿಸಿಡಿ. ಹೀಗೆ ಬಂದ ತೋಟವನ್ನು ಮುಂದೆ ಮಾರುವುದಾದರೆ, ಇಲ್ಲೇ ವಾಸ ಇರುವ ಭಾರತೀಯರಿಗೆ ಮಾರಬೇಕು.

ಈಗ ಪಾಸ್‌ಪೋರ್ಟ್. ನಿಮ್ಮ ಮಗ ಏನೋ ಆರಿಸಿಕೊಂಡು ಊರನ್ನು ಬಿಟ್ಟುಕೊಟ್ಟ ಎಂಬ ನೋವು ಕಾಗದದಲ್ಲಿ ಕಾಣಿಸಿತು. ಹಾಗಲ್ಲ. ಕೆನಡಾದ ನೆಲದಲ್ಲಿ ಹುಟ್ಟಿದ ಮಗು ಹುಟ್ಟಿದ ಗಳಿಗೆಯಿಂದಲೇ ಆ ದೇಶದ ಪೌರ. ಅಪ್ಪ ಅಮ್ಮ ಬರೀ ಕೆಲಸದ ಪರ್ಮಿಟ್ ಮೇಲಿದ್ದರೂ ಅಷ್ಟೇ. ಪಾಸ್‌ಪೋರ್ಟ್ ಮಾಡಿಸಿದರೂ, ಬಿಟ್ಟರೂ ಅದು ಇರುತ್ತದೆ. ಎಲ್ಲ ದೇಶದಲ್ಲೂ ಹೀಗಿಲ್ಲ. ಇಂಗ್ಲೆಂಡಿನಲ್ಲಿ 1983ರಿಂದ, ತಂದೆ ತಾಯಿಯಲ್ಲಿ ಒಬ್ಬರಾದರೂ ಅಲ್ಲಿಯ ಪೌರರೋ ಖಾಯಂ ನಿವಾಸಿಯೋ ಆಗಿದ್ದರೆ ಮಾತ್ರ ಮಗುವಿಗೆ ಆ ಹಕ್ಕು ಹುಟ್ಟಿನಿಂದ ಬರುತ್ತದೆ.

ನಮ್ಮ ದೇಶದ ಲೆಕ್ಕ ಬೇರೆ. ನಮ್ಮಲ್ಲಿ 1955ರ ಪೌರತ್ವ ಕಾಯ್ದೆ ಇದೆ. 2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ, ಅಪ್ಪ ಅಮ್ಮ ಭಾರತೀಯರಾಗಿದ್ದರೂ, ಪೌರತ್ವ ತಾನಾಗಿ ಬರುವುದಿಲ್ಲ. ಒಂದು ವರ್ಷದೊಳಗೆ ಅಲ್ಲಿಯ ಭಾರತೀಯ ದೂತಾವಾಸದಲ್ಲಿ ಜನನ ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ತಂದೆ ತಾಯಿ ಬರೆದುಕೊಡಬೇಕು. ಎರಡು ಪಾಸ್‌ಪೋರ್ಟ್ ಇಟ್ಟುಕೊಳ್ಳಲು ಬರುವುದಿಲ್ಲ ಎಂಬುದು ಇದರಲ್ಲೇ ಗೊತ್ತಾಯಿತು ಅಲ್ವಾ? ಮತ್ತೆ 18 ತುಂಬಿದ ಆರು ತಿಂಗಳೊಳಗೆ ಅವನು ಕೆನಡಾ ಪೌರತ್ವ ಬಿಡಬೇಕು. ಬಿಡದಿದ್ದರೆ ಭಾರತದ ಪೌರತ್ವ ಹೋಗುತ್ತದೆ.

ಹಾಗಾದರೆ ಸದ್ಯಕ್ಕೆ ಭಾರತದ್ದೇ ಮಾಡಿಸೋಣ ಎನ್ನುತ್ತೀರಿ. ದಿನನಿತ್ಯದ ಬದುಕಿನಲ್ಲಿ ಅದು ಹೇಗೆ ನಡೆಯುತ್ತದೆ ನೋಡಿ. ಕೆನಡಾದ ಪೌರರು ಆ ದೇಶಕ್ಕೆ ವಿಮಾನ ಹತ್ತಬೇಕಾದರೆ ಕೆನಡಾದ ಪಾಸ್‌ಪೋರ್ಟನ್ನೇ ತೋರಿಸಬೇಕು. 2016ರ ನವೆಂಬರ್‌ನಿಂದ ಇದನ್ನು ಬಿಗಿಯಾಗಿ ಪಾಲಿಸುತ್ತಿದ್ದಾರೆ. ಅವರದೇ ಪೌರನಿಗೆ ಅವರು ವೀಸಾನೂ ಕೊಡುವುದಿಲ್ಲ. ಮಗು ಭಾರತದ ಪಾಸ್‌ಪೋರ್ಟಿನಲ್ಲಿ ನಾಮಕರಣಕ್ಕೆ ಬಂತು ಅಂತಿಟ್ಟುಕೊಳ್ಳಿ. ಹೋಳಿಗೆ ಊಟ ಮುಗಿಸಿ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋದಾಗ ಅಪ್ಪ ಅಮ್ಮನನ್ನು ಬಿಡುತ್ತಾರೆ, ಮಗುವನ್ನು ತಡೆಯುತ್ತಾರೆ. ತೊಟ್ಟಿಲ ಕೂಸನ್ನು ಇಂಥ ಸಂಕಟಕ್ಕೆ ಯಾಕೆ ಸಿಕ್ಕಿಸಬೇಕು?

ನಾನು ಎಲ್ಲರಿಗೂ ಕೇಳುವುದು ಒಂದೇ ಪ್ರಶ್ನೆ. ಇನ್ನು ಐದಾರು ವರ್ಷ ಮಗು ಎಲ್ಲಿ ಬೆಳೆಯುತ್ತದೆ? ಅಲ್ಲೇ ಆದರೆ ಕೆನಡಾ ಪಾಸ್‌ಪೋರ್ಟ್, ಜೊತೆಗೆ ಓಸಿಐ ಕಾರ್ಡ್, ಅಂದರೆ ಭಾರತ ಮೂಲದ ವಿದೇಶಿ ಪೌರರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್. ನಿಮ್ಮ ಮಗನ ಯೋಚನೆ ಸರಿಯಾಗಿದೆ. ಅಪ್ಪ ಅಮ್ಮ ಭಾರತೀಯರಾದ ಕಾರಣ ಮಗುವಿಗೆ ಓಸಿಐ ಸಿಗುತ್ತದೆ. ಜೀವನಪೂರ್ತಿ ಬಂದುಹೋಗಬಹುದು. ನಿಮ್ಮ ಜೊತೆ ಎಷ್ಟು ವರ್ಷ ಬೇಕಾದರೂ ಇರಬಹುದು, ಪೊಲೀಸರಲ್ಲಿ ನೋಂದಣಿಯೂ ಬೇಡ. ಸಕಲೇಶಪುರದಲ್ಲೇ ಶಾಲೆಗೆ ಹಾಕಬಹುದು. ಆದರೆ ಕಾರ್ಡ್ ಕೈಗೆ ಬರುವವರೆಗೆ ಭಾರತಕ್ಕೆ ಬರಲು ಮಗುವಿಗೆ ವೀಸಾ ಬೇಕು. ನಾಮಕರಣದ ದಿನ ಗೊತ್ತು ಮಾಡುವ ಮೊದಲು ಇದನ್ನು ಕೇಳಿಕೊಳ್ಳಿ.

ಸಿಗದೇ ಇರುವುದನ್ನೂ ಹೇಳಬೇಕು. ಓಟು ಇಲ್ಲ. ಸರ್ಕಾರಿ ಕೆಲಸ ಸಾಮಾನ್ಯವಾಗಿ ಇಲ್ಲ. ಇಲ್ಲೇ ಓದಿ ನೀಟ್ ಬರೆದರೂ ಎನ್‌ಆರ್‌ಐ ಸೀಟುಗಳಿಗೆ ಮಾತ್ರ ಅರ್ಹ. 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೀಗೆ ಮಾಡಿತು. ಈ ಮಣ್ಣಿನಲ್ಲೇ ಬೆಳೆದ ಮಕ್ಕಳಿಗೆ ಇದು ಅನ್ಯಾಯ ಎಂದೇ ನನ್ನ ಅನಿಸಿಕೆ. ಇನ್ನೊಂದು ದಾರಿಯೂ ಇದೆ. ಐದು ವರ್ಷ ಓಸಿಐ ಆಗಿದ್ದು, ವಯಸ್ಸಿಗೆ ಬಂದ ಮೇಲೆ ಇಲ್ಲಿ ಒಂದು ವರ್ಷ ನೆಲೆಸಿದರೆ ಭಾರತದ ಪೌರತ್ವಕ್ಕೇ ಅರ್ಜಿ ಹಾಕಬಹುದು. ಆಗ ಕೆನಡಾದ್ದು ಬಿಡಬೇಕಾಗುತ್ತದೆ. ಅದನ್ನು ಅವನೇ ತೀರ್ಮಾನ ಮಾಡಲಿ. ನೀವು ಅಷ್ಟರೊಳಗೆ ರೋಬಸ್ಟಾ ಯಾವುದು, ಅರೇಬಿಕಾ ಯಾವುದು ಅಂತ ಅವನಿಗೆ ಕಲಿಸಿ.

ಪ್ರಶ್ನೆ: ಅಕ್ಕಾ, ಮಗಳು ಮಸ್ಕತ್‌ನಲ್ಲಿದ್ದಾಳೆ, ಈಗ ಏಳು ತಿಂಗಳು. ಹೆರಿಗೆ ಅಲ್ಲೇ. ಮಗುವಿಗೆ ಒಮಾನ್ ಪಾಸ್‌ಪೋರ್ಟ್ ಕೊಡ್ತಾರಾ?
— ಗೃಹಿಣಿ, ತರೀಕೆರೆ

ಉತ್ತರ: ಇಲ್ಲಮ್ಮ. ಗಲ್ಫ್ ದೇಶಗಳಲ್ಲಿ ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಕೊಡುವುದಿಲ್ಲ. ನಿಮ್ಮ ಮಗುವಿಗೆ ಇರುವುದು ಭಾರತದ ದಾರಿ ಒಂದೇ. ಅದಕ್ಕೇ ಮೇಲೆ ಹೇಳಿದ ಒಂದು ವರ್ಷದ ಗಡುವು ನಿಮಗೆ ಇನ್ನೂ ಮುಖ್ಯ.

ನಮ್ಮ ಮನೆಯಲ್ಲೇ ಇದು ತಪ್ಪಿತು. ನನ್ನ ಮಗಳಿಗೂ ಗಲ್ಫ್‌ನಲ್ಲೇ ಹೆರಿಗೆ ಆಯಿತು. ಅಲ್ಲಿಯ ಜನನ ಪತ್ರದಲ್ಲಿ ಅವಳ ಹೆಸರಿನ ಸ್ಪೆಲ್ಲಿಂಗ್ ತಪ್ಪಾಗಿತ್ತು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ಬರೆದಿತ್ತು, ಪತ್ರದಲ್ಲಿ ಬರೀ ಇನಿಷಿಯಲ್. ನಮ್ಮ ಕಡೆಯವರಿಗೆ ಇದು ಮಾಮೂಲಿ ಗೊಂದಲ. ತಿದ್ದಿಸಲು ಓಡಾಡುತ್ತಾ ವರ್ಷ ದಾಟಿತು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಅದು ಬರುವವರೆಗೆ ಮಗುವಿಗೆ ಪಾಸ್‌ಪೋರ್ಟ್ ಇಲ್ಲ, ಊರಿಗೆ ಬರುವಂತಿಲ್ಲ. ಹಾಸನಾಂಬೆಯ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ಕೆಲವೇ ದಿನ. ಮೊಮ್ಮಗಳನ್ನು ಮಡಿಲಿಗೆ ಹಾಕಿಕೊಂಡು ದರ್ಶನಕ್ಕೆ ಬರ್ತೀನಿ ಎಂದು ಹರಕೆ ಹೊತ್ತಿದ್ದೆ. ಆ ವರ್ಷ ಕ್ಯೂನಲ್ಲಿ ಒಬ್ಬಳೇ ನಿಂತೆ. ವಕೀಲೆ ಆಗಿದ್ದುಕೊಂಡು ಮೊದಲೇ ನೋಡಲಿಲ್ಲವಲ್ಲ ಎಂಬ ಸಂಕಟ ಇವತ್ತಿಗೂ ಇದೆ.

ಹಾಗಾಗಿ ಇವತ್ತೇ ಮಗಳಿಗೆ ಫೋನ್ ಮಾಡಿ. ಅವಳ, ಅಳಿಯಂದಿರ ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಹಾಗೇ, ಒಂದೊಂದು ಅಕ್ಷರವನ್ನೂ ದೊಡ್ಡದಾಗಿ ಚೀಟಿಯಲ್ಲಿ ಬರೆದು ಹೆರಿಗೆ ಬ್ಯಾಗಿನಲ್ಲಿ ಇಡಲಿ. ಆಸ್ಪತ್ರೆಯಲ್ಲಿ ಫಾರಂ ತುಂಬುವಾಗ ಅಳಿಯಂದಿರು ಪಕ್ಕದಲ್ಲೇ ನಿಂತು ನೋಡಲಿ.