ವೈರಸ್ ಸೋಂಕಿನಿಂದ ಹೊಟ್ಟೆಯ ಕ್ಯಾನ್ಸರ್ ಬರುತ್ತದೆಯೇ?

ಬರಬಹುದು, ಆದರೆ ಸೋಂಕು ತಗುಲಿದವರಲ್ಲಿ ಅಪರೂಪ. ಇಲ್ಲಿ ಹೆಸರು ಕೇಳಿಬರುವುದು ಎಪ್‌ಸ್ಟೀನ್-ಬಾರ್ ವೈರಸ್. 1964ರಲ್ಲಿ ಪತ್ತೆಯಾದದ್ದು, ಎಂಜಲಿನಿಂದ ಹರಡುತ್ತದೆ. ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯ ಮೈಯಲ್ಲಿ ಅದು ತೆಪ್ಪಗೆ ಮಲಗಿರುತ್ತದೆ. ಹಾಗಾಗಿ ರಕ್ತಪರೀಕ್ಷೆ ಪಾಸಿಟಿವ್ ಬಂತೆಂದು ಗಾಬರಿ ಬೇಡ. ಕ್ಯಾನ್ಸರ್ ಭಯಕ್ಕೆ ಆ ಪರೀಕ್ಷೆ ಮಾಡಿಸುವುದೇ ದುಡ್ಡು ದಂಡ. ಜಠರದ ಕ್ಯಾನ್ಸರ್‌ಗಳಲ್ಲಿ ಸುಮಾರು ಹತ್ತರಲ್ಲೊಂದು ಗಡ್ಡೆಯ ಕೋಶಗಳೊಳಗೆ ಈ ವೈರಸ್ ಸಿಗುತ್ತದೆ. ಅಲ್ಲಿ ಡಿಎನ್‌ಎ ಮೇಲೆ ಮೀಥೈಲ್ ಗುಂಪು ಎಂಬ ಪುಟ್ಟ ರಾಸಾಯನಿಕ ತುಣುಕುಗಳು ವಿಪರೀತ ಅಂಟಿಕೊಂಡು, ಕೋಶದ ಬೆಳವಣಿಗೆಗೆ ಬ್ರೇಕ್ ಹಾಕುವ ಜೀನ್‌ಗಳ ಬಾಯಿ ಕಟ್ಟಿಹೋಗುತ್ತದೆ. ಗಡ್ಡೆಯಲ್ಲಿ ವೈರಸ್ ಇದೆಯೆಂದು ಖಚಿತಪಡಿಸುವುದು ಬಯಾಪ್ಸಿ ತುಣುಕಿನ ಮೇಲೆ ಮಾಡುವ 'ಈಬರ್' ಪರೀಕ್ಷೆ.

ದೊಡ್ಡ ಅಪರಾಧಿ ವೈರಸ್ಸೇ ಅಲ್ಲ, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ. ಮಲದ ಆ್ಯಂಟಿಜೆನ್ ಅಥವಾ ಯೂರಿಯಾ ಉಸಿರು ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಎಡವುವುದು ಇಲ್ಲೇ: ದಿನಾ ಬೆಳಗ್ಗೆ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ನುಂಗಿಕೊಂಡೇ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಪರೀಕ್ಷೆಗೆ ಹೋದರೆ ಸುಳ್ಳು ನೆಗೆಟಿವ್ ಬರಬಹುದು. ವೈದ್ಯರನ್ನು ಕೇಳಿ ಆ ಮಾತ್ರೆ 2 ವಾರ, ಆ್ಯಂಟಿಬಯೋಟಿಕ್ 4 ವಾರ ಮೊದಲೇ ನಿಲ್ಲಿಸಿರಬೇಕು. ಚಿಕಿತ್ಸೆ ಸಾಮಾನ್ಯವಾಗಿ 14 ದಿನ. ಮುಗಿದು 4 ವಾರದ ನಂತರ ಮರುಪರೀಕ್ಷೆ.

ಉಪ್ಪೂ ಪಾಲುದಾರ. ಊಟಕ್ಕೊಂದು ಅಪ್ಪೆಮಿಡಿ ಸರಿ, ಗಂಜಿಯ ಜೊತೆ ನಾಲ್ಕು ಬೇಡ. ಡಾಂಬರಿನಂಥ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಕೆ ಕಂಡರೆ ಕಷಾಯದಲ್ಲಿ ದಿನ ತಳ್ಳದೆ ಎಂಡೋಸ್ಕೋಪಿ ಮಾಡಿಸಿ.