1 ಲಕ್ಷ ಅನ್‌ನೋನ್, 32 ಜಿಬಿ ಲ್ಯಾಪ್‌ಟಾಪ್: ರ್‍ಯಾಮ್ ಹಾಕಿಸಬೇಕಾ?

ಚಿಕ್ಕಬಳ್ಳಾಪುರದ ಗೆಳೆಯರೇ, ಅರ್ಧ ಮೀಟರ್ ಡ್ರೋನಿನಿಂದ 10 ಗಿಗಾಹರ್ಟ್ಸ್ ರೇಡಾರ್ ಅಲೆ ಹೇಗೆ ಚದುರುತ್ತದೆ ಎಂದು ಮೆಥಡ್ ಆಫ್ ಮೊಮೆಂಟ್ಸ್‌ನಲ್ಲಿ (ಮೈಯನ್ನು ಚಿಕ್ಕ ತುಂಡುಗಳಾಗಿ ಒಡೆದು ಅವುಗಳ ಮೇಲಿನ ಕರೆಂಟ್ ಹುಡುಕುವ ವಿಧಾನ) ಲೆಕ್ಕ ಹಾಕಲು ಹೊರಟಿದ್ದೀರಿ. ಮೆಮೊರಿ ಸಾಲುತ್ತಿಲ್ಲ, ರ್‍ಯಾಮ್ ಹಾಕಿಸಲೇ ಎಂದು ಕೇಳಿದ್ದೀರಿ. ಬೇಡ, ಸುಮ್ನೆ ದುಡ್ಡು ದಂಡ.

1 ಲಕ್ಷ ಅನ್‌ನೋನ್ (ಕಂಡುಹಿಡಿಯಬೇಕಾದ ಕರೆಂಟ್ ಬೆಲೆಗಳು) ಅಂದರೆ, ಒಂದೊಂದಕ್ಕೂ ಉಳಿದೆಲ್ಲದರ ಜೊತೆ ನಂಟು ಇರುವುದರಿಂದ, ಮ್ಯಾಟ್ರಿಕ್ಸ್‌ನಲ್ಲಿ ಸಾವಿರ ಕೋಟಿ ಸಂಖ್ಯೆಗಳು. ಒಂದಕ್ಕೆ 16 ಬೈಟ್, ಒಟ್ಟು 160 ಜಿಬಿ. ಫ್ರೀಕ್ವೆನ್ಸಿ ಎರಡು ಪಟ್ಟಾದರೆ ಅನ್‌ನೋನ್ 4 ಪಟ್ಟು, ಮೆಮೊರಿ 16 ಪಟ್ಟು! ನಿಮ್ಮ ಜಿಲ್ಲೆಯದೇ ಗೌರಿಬಿದನೂರಿನ ರೇಡಿಯೋ ದೂರದರ್ಶಕದ 34.5 ಮೆಗಾಹರ್ಟ್ಸ್‌ನಲ್ಲಿ ಅಲೆಯುದ್ದ ಸುಮಾರು 8.7 ಮೀಟರ್. ಅಲೆ ಉದ್ದವಾದಷ್ಟೂ ಕಡಿಮೆ ತುಂಡು ಸಾಕು, ಹಾಗಾಗಿ ಅಲ್ಲಿ ಇದೇ ಡ್ರೋನ್ ಸಲೀಸಾಗಿ ಮುಗಿಯುತ್ತಿತ್ತು. ನಿಮ್ಮ ಅಲೆ ಬರೀ 3 ಸೆಂಟಿಮೀಟರ್, ಅಲ್ವಾ?

ನಿಮಗೆ ಬೇಕಾದ್ದು ಫಾಸ್ಟ್ ಮಲ್ಟಿಪೋಲ್ ವಿಧಾನ. ಗಣಿತಜ್ಞರಾದ ಗ್ರೀನ್‌ಗಾರ್ಡ್, ರೋಖ್ಲಿನ್ ಅದನ್ನು 1987ರಲ್ಲಿ ಕೊಟ್ಟರು. 1990ರಲ್ಲಿ ರೋಖ್ಲಿನ್ ಅದನ್ನು ಅಲೆಗಳಿಗೆ ತಂದರು. ಆಮೇಲೆ ವಿದ್ಯುತ್ಕಾಂತ ತಜ್ಞ ವೆಂಗ್ ಚೋ ಚ್ಯೂ ತಂಡ ಹಲವು ಹಂತಗಳ ರೂಪವನ್ನು ಬೆಳೆಸಿತು. ಶಿಡ್ಲಘಟ್ಟದ ಕಾಗದಗಳನ್ನೆಲ್ಲ ಒಂದೇ ಚೀಲದಲ್ಲಿ ಕಟ್ಟಿ ಚಿಂತಾಮಣಿಗೆ ಕಳಿಸಿ, ಅಲ್ಲಿ ಮನೆಮನೆಗೆ ಹಂಚಿದ ಹಾಗೆ, ತುಂಡುಗಳನ್ನು ಪೆಟ್ಟಿಗೆಗಳಲ್ಲಿ ಗುಂಪು ಮಾಡಿದರೆ ದೂರದ ಗುಂಪುಗಳು ಒಟ್ಟಾಗಿ ಮಾತಾಡುತ್ತವೆ. ಅಕ್ಕಪಕ್ಕದವನ್ನು ಮಾತ್ರ ನೇರವಾಗಿ ಲೆಕ್ಕ ಹಾಕಿ. ಇಡೀ ಮ್ಯಾಟ್ರಿಕ್ಸ್ ಇಟ್ಟುಕೊಳ್ಳಬೇಕಿಲ್ಲ. ಹಲವು ಹಂತ ಇದ್ದರೆ ಕೆಲಸ ಎನ್ ಲಾಗ್ ಎನ್ ಲೆಕ್ಕದಲ್ಲಿ (ಎನ್ ಅಂದರೆ ಅನ್‌ನೋನ್‌ಗಳ ಸಂಖ್ಯೆ), ಎನ್‌ನ ವರ್ಗಕ್ಕಿಂತ ಎಷ್ಟೋ ನಿಧಾನವಾಗಿ ಏರುತ್ತದೆ.

ಆದರೆ ಎರಡು ಕಡೆ ಹುಷಾರು. ಅತಿ ಚಿಕ್ಕ ಪೆಟ್ಟಿಗೆಯನ್ನು ಅಲೆಯುದ್ದದ ಕಾಲು ಭಾಗಕ್ಕಿಂತ ಕೆಳಗೆ ಇಳಿಸಬೇಡಿ, ಸಂಖ್ಯೆಗಳು ಕೆಡುತ್ತವೆ. ಇನ್ನೊಂದು, ಸುತ್ತು ಸುತ್ತಾಗಿ ಉತ್ತರಕ್ಕೆ ಹತ್ತಿರವಾಗುವ ಜಿಎಂಆರ್‌ಇಎಸ್ ವಿಧಾನ ಮುಗಿಯದೆ ಒದ್ದಾಡಬಹುದು. ಡ್ರೋನಿನ ಮೈ ಪೂರ್ತಿ ಮುಚ್ಚಿದ್ದರೆ ಇಎಫ್‌ಐಇ (ಬರೀ ವಿದ್ಯುತ್ ಕ್ಷೇತ್ರದ ಸಮೀಕರಣ) ಬಿಟ್ಟು ಸಿಎಫ್‌ಐಇ (ವಿದ್ಯುತ್, ಕಾಂತ ಕ್ಷೇತ್ರ ಎರಡನ್ನೂ ಸೇರಿಸಿದ ಸಮೀಕರಣ) ಹಾಕಿ, ಸುತ್ತುಗಳು ಎಷ್ಟೋ ಕಡಿಮೆಯಾಗುತ್ತವೆ. ತೆಳು ರೆಕ್ಕೆಯನ್ನು ಬರೀ ಹಾಳೆಯಾಗಿ ಮಾಡಿದ್ದರೆ ಅಲ್ಲಿಗೆ ಇಎಫ್‌ಐಇನೇ ಗತಿ. ಆಗ ಅಕ್ಕಪಕ್ಕದ ಭಾಗದಿಂದಲೇ ಸುತ್ತು ಕಡಿಮೆ ಮಾಡುವ ಒಂದು ಪ್ರೀಕಂಡೀಷನರ್ ಕಟ್ಟಿಕೊಳ್ಳಿ. ಮೊದಲು ಒಂದು ಲೋಹದ ಗೋಳದ ಮೇಲೆ ಓಡಿಸಿ, ಗೋಳಕ್ಕೆ ನಿಖರ ಉತ್ತರ ಕೊಡುವ ಮೀ ಸರಣಿಯ ಜೊತೆ ತಾಳೆ ನೋಡಿ.